ತಲೆಯಲ್ಲಿ ಮಣ್ಣು

“ರೆಕ್ಕೆ ಹಾಕಿದರೆ ಅದು ಸುಳ್ಳಾಗುವುದಿಲ್ವಾ ಮಾವ?”

ಒಂಬತ್ತನೇ ತರಗತಿಯ ನನ್ನ ಸೋದರಳಿಯ ಈ ಪ್ರಶ್ನೆ ಕೇಳಿದ್ದು ಮಡಂತ್ಯಾರಿನ ನಮ್ಮ ಮನೆಯ ಜಗಲಿಯಲ್ಲಿ, ಅಂಟು ಮೆತ್ತಿದ ಬೆರಳುಗಳನ್ನು ಚಡ್ಡಿಗೆ ಒರೆಸಿಕೊಳ್ಳುತ್ತ. ಅವನ ಮುಂದೆ ಬಿಳಿ ಡ್ರಾಯಿಂಗ್ ಶೀಟ್ ಸುತ್ತಿ ಮಾಡಿದ, ಮೀಟರ್ ಉದ್ದದ ಒಂದು ರಾಕೆಟ್ ಮಲಗಿತ್ತು. ಅದರ ಮೂತಿ ಜಜ್ಜಿಹೋಗಿತ್ತು. ಹಿಂದಿನ ದಿನ ಅದು ಬಿದ್ದಿತ್ತು. ಎಲ್ಲಿ ಬಿದ್ದಿತ್ತು ಎಂಬುದನ್ನು ಆಮೇಲೆ ಹೇಳುತ್ತೇನೆ. ಆ ಪ್ರಶ್ನೆಗೆ ನನ್ನ ಬಳಿ ತಕ್ಷಣಕ್ಕೆ ಉತ್ತರವಿರಲಿಲ್ಲ. ಈಗಲೂ ಪೂರ್ತಿ ಉತ್ತರ ಇದೆ ಎನ್ನಲಾರೆ. ಆದರೆ ಅದು ರಾಕೆಟ್ಟಿಗೆ ಮಾತ್ರ ಸಂಬಂಧಪಟ್ಟ ಪ್ರಶ್ನೆಯಲ್ಲ ಎಂಬುದು ನಿಧಾನಕ್ಕೆ ತಿಳಿಯಿತು.

ಶಾಲೆಯಲ್ಲಿ ವಿಜ್ಞಾನ ವಸ್ತುಪ್ರದರ್ಶನವಿತ್ತು. ಉಳಿದ ಮಕ್ಕಳು ಥರ್ಮೋಕೋಲಿನ ಜ್ವಾಲಾಮುಖಿ, ಮಳೆಕೊಯ್ಲಿನ ಮನೆ ಅಂತ ಹೊರಟರೆ ಇವನಿಗೆ ರಾಕೆಟ್ಟೇ ಬೇಕು. ಅದು ಹಾರಬೇಕು, ಮತ್ತು ನಿಜವಾದ ರಾಕೆಟ್ಟಿನ ಅಳತೆಗೆ ಕೂದಲೆಳೆಯಷ್ಟೂ ತಪ್ಪದೆ ಇರಬೇಕು. ಇಸ್ರೋದ ಪಿಎಸ್‌ಎಲ್‌ವಿಯನ್ನು ಆರಿಸಿಕೊಂಡ. ಅದರ ಎತ್ತರ 44 ಮೀಟರ್, ಮೈಯ ಅಡ್ಡಳತೆ 2.8 ಮೀಟರ್. ಪೇಟೆಯ ಅಂಗಡಿಯಲ್ಲಿ ಸಿಗುವ ಸಣ್ಣ ಪಾನೀಯದ ಬಾಟಲಿಯ ಅಡ್ಡಳತೆ ಆರೂವರೆ ಸೆಂಟಿಮೀಟರ್. ಭಾಗಿಸಿದರೆ 43 ಬಂತು. ಹಾಗಾಗಿ ಎಲ್ಲವೂ 43ರಲ್ಲಿ ಒಂದು ಪಾಲು. ಎತ್ತರ ಒಂದು ಮೀಟರಿಗೆ ತುಸು ಹೆಚ್ಚು. ಉಪಗ್ರಹವನ್ನು ಒಳಗಿಟ್ಟುಕೊಂಡಿರುವ ತುದಿಯ ಕವಚ ಮೈಗಿಂತ ದಪ್ಪ, 3.2 ಮೀಟರ್, ನಮ್ಮದರಲ್ಲಿ ಅದು ಸುಮಾರು ಏಳೂವರೆ ಸೆಂಟಿಮೀಟರ್. ಬುಡದ ಸುತ್ತ ಆರು ಪುಟ್ಟ ರಾಕೆಟ್ಟುಗಳು, ಕಾಗದ ಸುರುಳಿ ಸುತ್ತಿ ಮಾಡಿದವು. ಅವನು ಇಂಟರ್ನೆಟ್ಟಿನ ಚಿತ್ರಗಳನ್ನು ನೋಡಿ ನೋಡಿ, ಬಣ್ಣದ ಪಟ್ಟಿಯನ್ನೂ ತ್ರಿವರ್ಣವನ್ನೂ ಅದರದರ ಜಾಗದಲ್ಲಿ ಬರೆದ. ಆ ಶ್ರದ್ಧೆ ನೋಡಿದರೆ ಸಂತೋಷವಾಗುತ್ತಿತ್ತು.

ಅದನ್ನು ಮೇಲಕ್ಕೆ ಒಯ್ಯುವ ಬಲ ಯಾವುದು ಎಂಬಲ್ಲಿ ಮಾತ್ರ ನಮಗೆ ಸಣ್ಣ ಜಗಳವಾಯಿತು. ಜಾತ್ರೆ, ನೇಮಗಳಿಗೆ ಗರ್ನಾಲು ಮಾಡುವವರ ಹತ್ತಿರ ಸ್ವಲ್ಪ ಮದ್ದು ಕೇಳಿ ತರೋಣ ಎಂಬುದು ಅವನ ಯೋಜನೆ. ನಾನು ಸಾಧ್ಯವೇ ಇಲ್ಲ ಎಂದೆ. 2024ರ ಜನವರಿ 28ರ ಭಾನುವಾರ ಸಂಜೆ ನಮ್ಮಿಂದ ಅಷ್ಟೇನೂ ದೂರವಿಲ್ಲದ, ವೇಣೂರು ಬಳಿಯ ಕುಕ್ಕೇಡಿಯಲ್ಲಿ ಪಟಾಕಿ ತಯಾರಿಸುವ ಜಾಗದಲ್ಲಿ ಸ್ಫೋಟವಾಗಿ ಮೂವರು ಕೆಲಸಗಾರರು ತೀರಿಹೋದರು. ಆ ಸುದ್ದಿ ಬಂದ ರಾತ್ರಿಯನ್ನು ಈ ಭಾಗದವರು ಮರೆತಿಲ್ಲ. ಮದ್ದಿನ ಕೆಲಸಕ್ಕೆ ಪರವಾನಗಿ, ಕಾಯ್ದೆ ಎಲ್ಲ ಇರುವುದು ಸುಮ್ಮನೆ ಅಲ್ಲ. ಆಟಿಕೆ ರಾಕೆಟ್ಟಿನ ಹವ್ಯಾಸ ಹುಟ್ಟಿದ್ದೇ ಇಂಥ ಭಯದಿಂದ. 1957ರಲ್ಲಿ ಅಮೆರಿಕದಲ್ಲಿ ಜಿ. ಹ್ಯಾರಿ ಸ್ಟೈನ್ ಎಂಬವರು, ಹುಡುಗರು ಮನೆಯಲ್ಲೇ ರಾಕೆಟ್ ಮಾಡಲು ಹೋಗಿ ಅಪಾಯ ತಂದುಕೊಳ್ಳುವ ಬಗ್ಗೆ ಒಂದು ಲೇಖನ ಬರೆದರು. ಅದನ್ನು ಓದಿದ ಆರ್ವಿಲ್ ಕಾರ್ಲೈಲ್ ಎಂಬ ಚಪ್ಪಲಿ ಅಂಗಡಿಯಾತ ತಾನು ಮಾಡಿಟ್ಟಿದ್ದ ಕಾಗದದ ರಾಕೆಟ್ಟುಗಳನ್ನು ಅವರಿಗೆ ಕಳಿಸಿಕೊಟ್ಟ. ಹಾರಿಸುವವನು ಮದ್ದು ಕಲಸಬಾರದು ಎಂಬುದೇ ಅಲ್ಲಿಂದ ಮುಂದಕ್ಕೆ ಈ ಆಟದ ಮೊದಲ ನಿಯಮವಾಯಿತು. ನಾವು ಅದಕ್ಕಿಂತಲೂ ಒಂದು ಹೆಜ್ಜೆ ಹಿಂದೆ ಸರಿದು ನೀರಿಗೆ ಒಪ್ಪಿಕೊಂಡೆವು. ಬಾಟಲಿಗೆ ಕಾಲು ಭಾಗ ನೀರು, ಬಾಯಿಗೆ ಬಿಗಿಯಾದ ರಬ್ಬರ್ ಬಿರಡೆ, ಬಿರಡೆಯಲ್ಲಿ ಸೈಕಲ್ ಟ್ಯೂಬಿನ ವಾಲ್ವು, ಮತ್ತೆ ಗಾಳಿ ಹೊಡೆಯುವ ಪಂಪು. ಗಾಳಿಯ ಒತ್ತಡಕ್ಕೆ ಬಿರಡೆ ಕಳಚಿದರೆ ನೀರು ಕೆಳಕ್ಕೆ ಚಿಮ್ಮುತ್ತದೆ, ರಾಕೆಟ್ ಮೇಲಕ್ಕೆ ಹೋಗುತ್ತದೆ.

ಹೋಯಿತು ಕೂಡ. ಎರಡು ಅಡಿಕೆ ಮರದಷ್ಟು ಎತ್ತರ ಹೋಯಿತು. ಅಲ್ಲಿ ಅದಕ್ಕೆ ಏನನ್ನಿಸಿತೋ, ಅಡ್ಡಡ್ಡ ತಿರುಗಿತು, ಪಲ್ಟಿ ಹೊಡೆಯಿತು, ಗದ್ದೆ ಬಿಟ್ಟು ಮನೆಯ ಕಡೆಗೆ ತಿರುಗಿ ಬುಡ ಮುಂದಾಗಿ ಬಂತು. ಅಂಗಳದಲ್ಲಿ ಅಮ್ಮ ಕುಕ್ಕರುಗಾಲಿನಲ್ಲಿ ಕೂತು ಅಡಿಕೆ ಹರವುತ್ತಿದ್ದರು. ಅವರಿಂದ ಒಂದು ಮಾರು ದೂರದಲ್ಲಿ ಬಿದ್ದು ಅಡಿಕೆಗಳನ್ನು ಚೆಲ್ಲಾಪಿಲ್ಲಿ ಮಾಡಿತು. ಅಮ್ಮನಿಗೆ ಏನೂ ಆಗಲಿಲ್ಲ. “ಮಕ್ಕಳಾಟ ಆಡಲಿಕ್ಕೆ ನಿನಗೆ ವಯಸ್ಸಾಗಲಿಲ್ವಾ?” ಎಂದು ನನ್ನನ್ನು ಕೇಳಿದರು, ಅಷ್ಟೆ. ಆದರೆ ನನ್ನ ಎದೆ ಬಡಿತ ನಿಲ್ಲಲು ಬಹಳ ಹೊತ್ತು ಬೇಕಾಯಿತು. ಎಂಥ ತಮಾಷೆ ನೋಡಿ. ಮದ್ದು ಬೇಡ ಎಂದು ದೊಡ್ಡ ಮಾತಾಡಿದ್ದ ನಾನು, ಅದು ನೇರ ಹೋಗುತ್ತದೆಯೇ ಎಂದು ಒಮ್ಮೆಯೂ ಪರೀಕ್ಷೆ ಮಾಡಿರಲಿಲ್ಲ. ಅಷ್ಟು ಅಚ್ಚುಕಟ್ಟಾದ ನಕಲು, ನೇರ ಹೋಗದೆ ಇನ್ನೇನು ಎಂದುಕೊಂಡಿದ್ದೆ.

ಅದು ಯಾಕೆ ತಿರುಗಿತು ಎಂಬುದನ್ನು ತಿಳಿಯಲು ದೊಡ್ಡ ಲೆಕ್ಕ ಬೇಡ. ಯಾವುದೇ ವಸ್ತುವನ್ನು ಬೆರಳ ಮೇಲೆ ಇಟ್ಟು ತೂಗಿದರೆ ಅದು ಒಂದು ಜಾಗದಲ್ಲಿ ಸಮನಾಗಿ ನಿಲ್ಲುತ್ತದೆ. ಅದು ಅದರ ತೂಕದ ನಡು, ಗುರುತ್ವ ಕೇಂದ್ರ. ಹಾರುವ ವಸ್ತು ತುಸು ಓರೆಯಾದಾಗ ಗಾಳಿ ಅದರ ಮೈಯನ್ನೆಲ್ಲ ಪಕ್ಕದಿಂದ ತಳ್ಳುತ್ತದೆ. ಆ ತಳ್ಳುವಿಕೆಯೆಲ್ಲ ಒಟ್ಟಾಗಿ ಒಂದೇ ಜಾಗದಲ್ಲಿ ನಡೆಯುತ್ತಿದೆ ಎಂದು ಭಾವಿಸಬಹುದಾದ ಇನ್ನೊಂದು ಬಿಂದು ಇದೆ. ಅದು ಗಾಳಿಯ ನಡು, ಒತ್ತಡ ಕೇಂದ್ರ. ರಾಕೆಟ್ ತಿರುಗುವುದು ತನ್ನ ತೂಕದ ನಡುವಿನ ಸುತ್ತ. ತೂಕದ ನಡು ಮುಂದಿದ್ದು ಗಾಳಿಯ ನಡು ಹಿಂದಿದ್ದರೆ, ಓರೆಯಾದ ರಾಕೆಟ್ಟಿನ ಬಾಲವನ್ನು ಗಾಳಿ ತಳ್ಳಿ ಮತ್ತೆ ನೇರ ಮಾಡುತ್ತದೆ. ಬಾಣಕ್ಕೆ ಮುಂದೆ ಕಬ್ಬಿಣ, ಹಿಂದೆ ಗರಿ ಇರುವುದು ಇದಕ್ಕೇ. ಗಾಳಿಯ ನಡುವೇ ಮುಂದಿದ್ದರೆ ಅದೇ ಗಾಳಿ ಅದನ್ನು ಇನ್ನಷ್ಟು ಓರೆ ಮಾಡುತ್ತದೆ, ಕೊನೆಗೆ ಪಲ್ಟಿ ಹೊಡೆಸುತ್ತದೆ. ಎರಡರ ನಡುವೆ ಕನಿಷ್ಠ ರಾಕೆಟ್ಟಿನ ಮೈಯ ಒಂದು ಅಡ್ಡಳತೆಯಷ್ಟು ಅಂತರ ಇರಬೇಕೆಂಬುದು ಹವ್ಯಾಸಿಗಳ ನಿಯಮ. ಅದನ್ನು ಲೆಕ್ಕಮಾಡುವ ಸುಲಭ ಸೂತ್ರಗಳನ್ನು 1966ರಲ್ಲಿ ಜೇಮ್ಸ್ ಬ್ಯಾರೋಮನ್ ಹವ್ಯಾಸಿಗಳಿಗೆ ತಿಳಿಸಿಕೊಟ್ಟರು. ಸೂತ್ರ ಬೇಡದವರಿಗೆ ಇನ್ನೂ ಹಳೆಯ ಉಪಾಯವಿದೆ. ರಟ್ಟಿನಲ್ಲಿ ರಾಕೆಟ್ಟಿನ ಆಕಾರ ಕತ್ತರಿಸಿ, ಆ ರಟ್ಟನ್ನು ಬೆರಳ ಮೇಲೆ ತೂಗಿ ನೋಡುವುದು. ಗಾಳಿಯ ನಡು ಎಲ್ಲಿರಬಹುದೆಂದು ಅದು ಅಂದಾಜು ಹೇಳುತ್ತದೆ.

ನಾವು ಅದನ್ನು ಬಿದ್ದ ಮೇಲೆ ಮಾಡಿದೆವು. ರಟ್ಟು ನಿಂತದ್ದು ತುದಿಯಿಂದ 48 ಸೆಂಟಿಮೀಟರಿನಲ್ಲಿ. ರಾಕೆಟ್ ನಿಂತದ್ದು 57ರಲ್ಲಿ. ಗಾಳಿ ಮುಂದೆ, ತೂಕ ಹಿಂದೆ. ಇನ್ನೊಂದು ಪರೀಕ್ಷೆಯೂ ಇತ್ತು. ತೂಕದ ನಡುವಿಗೆ ಉದ್ದನೆಯ ಹಗ್ಗ ಕಟ್ಟಿ, ಗದ್ದೆಯ ನಡುವೆ ನಿಂತು, ತಲೆಯ ಸುತ್ತ ಬೀಸುವುದು. ಸ್ಥಿರವಾದ ರಾಕೆಟ್ ಮೂತಿ ಮುಂದಾಗಿ ಓಡುತ್ತದೆ. ನಮ್ಮದು ಒಂದು ಸುತ್ತು ಮುಗಿಯುವುದರೊಳಗೆ ತಿರುಗಿ ಬಾಲ ಮುಂದೆ ಮಾಡಿಕೊಂಡಿತು.

ಹಾಗಾದರೆ ನಿಜವಾದ ಪಿಎಸ್‌ಎಲ್‌ವಿ ಯಾಕೆ ತಿರುಗುವುದಿಲ್ಲ? ಆಕಾರ ಅದೇ ತಾನೆ? ನಮ್ಮ ನಕಲಿನಲ್ಲಿ ಏನು ತಪ್ಪಿತ್ತು?

ತಪ್ಪಿರಲಿಲ್ಲ. ಕಾಣುವುದನ್ನೆಲ್ಲ ನಾವು ಸರಿಯಾಗಿಯೇ ನಕಲು ಮಾಡಿದ್ದೆವು. ನಿಜವಾದ ರಾಕೆಟ್ಟನ್ನು ನೇರವಾಗಿ ಹಿಡಿಯುವುದು ಕಾಣುವ ಭಾಗವಲ್ಲ. ಅದರ ಹೊಟ್ಟೆಯೊಳಗೆ ಓರೆಯನ್ನು ಅಳೆಯುವ ಉಪಕರಣಗಳಿವೆ, ಲೆಕ್ಕ ಹಾಕುವ ಗಣಕವಿದೆ. ಮೊದಲ ಹಂತದಲ್ಲಿ ಬೆಂಕಿ ಹೊರಬರುವ ನಳಿಗೆಯ ಒಂದು ಬದಿಗೆ ದ್ರವವನ್ನು ಚಿಮ್ಮಿಸಿ ಬೆಂಕಿಯ ದಿಕ್ಕನ್ನು ತುಸು ಬಾಗಿಸುತ್ತಾರೆ; ಎರಡನೇ ಹಂತದಲ್ಲಿ ಎಂಜಿನನ್ನೇ ಅತ್ತಿತ್ತ ವಾಲಿಸುತ್ತಾರೆ. ಕ್ಷಣ ಕ್ಷಣಕ್ಕೂ ಅದು ಬೀಳಲು ಹೊರಡುತ್ತದೆ, ಕ್ಷಣ ಕ್ಷಣಕ್ಕೂ ತನ್ನನ್ನು ತಾನು ತಿದ್ದಿಕೊಳ್ಳುತ್ತದೆ. ಹೊರಗೆ ನಿಂತು ನೋಡುವವರಿಗೆ ಅದು ಗಂಭೀರವಾಗಿ, ನೆಟ್ಟಗೆ ಏರುವುದಷ್ಟೇ ಕಾಣುವುದು.

ಆ ತಿದ್ದುಪಡಿ ಎಷ್ಟು ಕಷ್ಟದ್ದು ಎಂಬುದಕ್ಕೆ ನಮ್ಮ ಕರಾವಳಿಯವರೇ ಸಾಕ್ಷಿ. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ 1984ರಿಂದ 1994ರವರೆಗೆ ಇಸ್ರೋದ ಅಧ್ಯಕ್ಷರಾಗಿದ್ದರು. ಅವರ ಕಾಲದಲ್ಲಿ ಎಎಸ್‌ಎಲ್‌ವಿ ರಾಕೆಟ್ 1987ರಲ್ಲಿ ಬಿತ್ತು, 1988ರಲ್ಲಿ ಮತ್ತೆ ಬಿತ್ತು, 1992ರಲ್ಲಿ ಗೆದ್ದಿತು. 1993ರ ಸೆಪ್ಟೆಂಬರ್ 20ರಂದು ಪಿಎಸ್‌ಎಲ್‌ವಿಯ ಮೊದಲ ಹಾರಾಟ. ಎರಡನೇ ಹಂತ ಕಳಚುವ ಹೊತ್ತಿಗೆ ರಾಕೆಟ್ ಅಲುಗಿತು. ನಿಯಂತ್ರಣದ ತಂತ್ರಾಂಶದಲ್ಲಿ ಒಂದು ದೋಷ ಉಳಿದಿದ್ದರಿಂದ ಅದಕ್ಕೆ ತನ್ನನ್ನು ತಿದ್ದಿಕೊಳ್ಳಲಾಗಲಿಲ್ಲ. ಅದೂ ಸಮುದ್ರಕ್ಕೆ ಬಿತ್ತು. ಮುಂದಿನ ವರ್ಷ ಅಕ್ಟೋಬರಿನಲ್ಲಿ ಅದೇ ಆಕಾರದ ರಾಕೆಟ್ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಎರಡರ ಫೋಟೋಗಳನ್ನು ಪಕ್ಕದಲ್ಲಿಟ್ಟರೆ ಬಿದ್ದದ್ದು ಯಾವುದು, ಗೆದ್ದದ್ದು ಯಾವುದು ಎಂದು ನೋಡುವವರಿಗೆ ಹೇಳಲಾಗದು.

ಇಷ್ಟು ಸಾಲದೆಂಬಂತೆ ಇನ್ನೊಂದು ಸಂಗತಿಯಿದೆ. ರಾಕೆಟ್ಟನ್ನು 43 ಪಾಲು ಚಿಕ್ಕದು ಮಾಡಬಹುದು, ಗಾಳಿಯನ್ನು ಚಿಕ್ಕದು ಮಾಡಲಾಗದು. ಅಳತೆ 43 ಪಾಲು ಇಳಿದರೆ ಗಾಳಿಗೆ ಸಿಕ್ಕುವ ಮೈ 43ರ ವರ್ಗದಷ್ಟು, ಅಂದರೆ 1,849 ಪಟ್ಟು ಇಳಿಯುತ್ತದೆ. ತೂಕ ಇಳಿಯುವುದು 43ರ ಘನದಷ್ಟು, 79,507 ಪಟ್ಟು. ಪಿಎಸ್‌ಎಲ್‌ವಿಯ ದೊಡ್ಡ ಮಾದರಿಯ ತೂಕ ಸುಮಾರು 320 ಟನ್. ಲೆಕ್ಕದ ಪ್ರಕಾರ ನಮ್ಮದು ನಾಲ್ಕು ಕಿಲೋ ತೂಗಬೇಕಿತ್ತು. ತೂಗಿದ್ದು ಇನ್ನೂರು ಗ್ರಾಮಿಗಿಂತ ಕಡಿಮೆ. ದೊಡ್ಡದಕ್ಕೆ ತಂಗಾಳಿಯಾದದ್ದು ಚಿಕ್ಕದಕ್ಕೆ ಬಿರುಗಾಳಿ. ಬಡವರ ಮನೆಗೆ ಬಂದ ಸಣ್ಣ ಖರ್ಚಿನ ಹಾಗೆ.

ಇಲ್ಲಿಗೆ ಅಳಿಯನ ಪ್ರಶ್ನೆ ಬಂತು. ಬುಡಕ್ಕೆ ನಾಲ್ಕು ರೆಕ್ಕೆ ಅಂಟಿಸೋಣ, ಗಾಳಿಯ ನಡು ಹಿಂದೆ ಸರಿಯುತ್ತದೆ. ಮೂತಿಯೊಳಗೆ ಸ್ವಲ್ಪ ಮಣ್ಣು ತುಂಬೋಣ, ತೂಕದ ನಡು ಮುಂದೆ ಬರುತ್ತದೆ ಎಂದೆ. ಅವನು ಒಪ್ಪಲಿಲ್ಲ. ಪಿಎಸ್‌ಎಲ್‌ವಿಗೆ ಅಂಥ ರೆಕ್ಕೆಗಳಿಲ್ಲ. ರೆಕ್ಕೆ ಹಾಕಿದರೆ ಅದು ಪಿಎಸ್‌ಎಲ್‌ವಿ ಅಲ್ಲ. ಅದರ ಹೆಸರು ಬರೆದು ನಿಲ್ಲಿಸಿದರೆ ಸುಳ್ಳು. ಅವನ ವಾದದಲ್ಲಿ ಬಿರುಕಿರಲಿಲ್ಲ.

ನಾನು ಬುದ್ಧಿವಂತಿಕೆ ತೋರಿಸಿದೆ. ಅಂಗಿಯ ಪೆಟ್ಟಿಗೆಯ ಮೇಲಿರುತ್ತದಲ್ಲ, ಆ ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ರೆಕ್ಕೆ ಮಾಡೋಣ, ದೂರದಿಂದ ಕಾಣುವುದೇ ಇಲ್ಲ ಎಂದೆ. ಮಾದರಿ ರಾಕೆಟ್ ಮಾಡುವವರಲ್ಲಿ ಇದು ಇರುವ ಉಪಾಯವೇ. ಅವನು ನನ್ನ ಮುಖ ನೋಡಿದ. “ಹಾಗಾದರೆ ಎರಡು ಸುಳ್ಳಾಯಿತು ಮಾವ. ಇಲ್ಲದ್ದನ್ನು ಹಾಕಿದ್ದು ಒಂದು, ಹಾಕಿದ್ದನ್ನು ಅಡಗಿಸಿದ್ದು ಇನ್ನೊಂದು.”

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಕಾರಣ ರಾಕೆಟ್ ಮಾತ್ರ ಅಲ್ಲ.

ನಾನು ಹೈಸ್ಕೂಲಿನಲ್ಲಿದ್ದಾಗ ನಮಗೊಬ್ಬರು ಗಣಿತದ ಮಾಸ್ಟ್ರಿದ್ದರು. ತಪ್ಪು ಮಾಡಿದವರಿಗೆ ಅವರ ಖಾಯಂ ಬೈಗುಳ “ನಿನ್ನ ತಲೆಯಲ್ಲಿ ಮಣ್ಣು ತುಂಬಿದೆಯಾ?” ಎಂಬುದು. ಅದನ್ನು ಎಷ್ಟು ಚೆನ್ನಾಗಿ ಹೇಳುತ್ತಿದ್ದರೆಂದರೆ, ಬೈಸಿಕೊಂಡವನೂ ನಗುತ್ತಿದ್ದ. ನಮಗೆ ಅವರೆಂದರೆ ಭಯ, ಅದಕ್ಕಿಂತ ಹೆಚ್ಚು ಪ್ರೀತಿ. ಅವರಿಂದಾಗಿ ನನಗೆ ಗಣಿತ ಬಂತು. ಮುಂದೆ ಕಾಲೇಜು ಓದುವಾಗ ಖರ್ಚಿಗೆಂದು ನಾನು ನಾಲ್ಕೈದು ಮಕ್ಕಳಿಗೆ ಮನೆಪಾಠ ಹೇಳುತ್ತಿದ್ದೆ. ಮಾಸ್ಟ್ರ ಹಾಗೆಯೇ ಕೈಕಟ್ಟಿ ನಿಲ್ಲುತ್ತಿದ್ದೆ, ಅವರ ಹಾಗೆಯೇ ಹುಬ್ಬು ಏರಿಸುತ್ತಿದ್ದೆ, ಅವರ ಮಾತನ್ನೇ ಹೇಳುತ್ತಿದ್ದೆ. ಒಬ್ಬ ಹುಡುಗನಿದ್ದ, ಭಿನ್ನರಾಶಿ ಅವನಿಗೆ ಎಷ್ಟು ಹೇಳಿದರೂ ಹತ್ತುತ್ತಿರಲಿಲ್ಲ. ಒಂದು ಸಂಜೆ ಉಳಿದವರೆದುರು ಅವನಿಗೆ ತಲೆಯಲ್ಲಿ ಮಣ್ಣಿದೆ ಎಂದೆ. ಯಾರೂ ನಗಲಿಲ್ಲ. ಮರುದಿನದಿಂದ ಅವನು ಬರಲಿಲ್ಲ. ಕೆಲವು ತಿಂಗಳ ಮೇಲೆ ಅವನು ಶಾಲೆಯನ್ನೇ ಬಿಟ್ಟನೆಂದು ಕೇಳಿದೆ. ಬಿಡಲು ಬೇರೆ ಕಾರಣಗಳೂ ಇದ್ದಿರಬಹುದು ಎಂದು ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ.

ಮಾಸ್ಟ್ರು ಹೇಳಿದಾಗ ನಕ್ಕ ಮಾತು ನಾನು ಹೇಳಿದಾಗ ಯಾಕೆ ಗಾಯ ಮಾಡಿತು? ನಾನು ಅವರ ಮಾತನ್ನು ಅಕ್ಷರ ತಪ್ಪದೆ ನಕಲು ಮಾಡಿದ್ದೆನಲ್ಲ! ಉತ್ತರ ನನಗೆ ಹೊಳೆದದ್ದು ಬೇರೊಂದು ಹಳೆಯ ರಾಕೆಟ್ಟಿನ ನೆನಪಿನಿಂದ.

ಮಡಂತ್ಯಾರಿನಿಂದ ಗುರುವಾಯನಕೆರೆ ದಾಟಿ ಬೆಳ್ತಂಗಡಿಯ ಕಡೆ ಹೋದರೆ ಗಡಾಯಿಕಲ್ಲು ಕಾಣಿಸುತ್ತದೆ. ಅದರ ನೆತ್ತಿಯ ಮೇಲೆ ಟಿಪ್ಪು 1794ರಲ್ಲಿ ಕೋಟೆ ಕಟ್ಟಿಸಿ, ತಾಯಿಯ ನೆನಪಿಗೆ ಜಮಾಲಾಬಾದ್ ಎಂದು ಹೆಸರಿಟ್ಟ. ಅವನ ಮತ್ತು ಅವನ ತಂದೆ ಹೈದರನ ಸೈನ್ಯದ ರಾಕೆಟ್ಟುಗಳು ಜಗತ್ತಿನಲ್ಲಿ ಹೆಸರು ಮಾಡಿದವು. 1780ರ ಪೊಲ್ಲಿಲೂರಿನ ಯುದ್ಧದಲ್ಲಿ ಇಂಗ್ಲಿಷರು ಸೋತ ಚಿತ್ರ ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲಿದೆ. ಮೈಸೂರಿನ ರಾಕೆಟ್ಟೆಂದರೆ ಮದ್ದು ತುಂಬಿದ ಕಬ್ಬಿಣದ ಕೊಳವೆ, ಅದಕ್ಕೆ ಕಟ್ಟಿದ ಉದ್ದನೆಯ ಬಿದಿರ ಗಳು. ಕಾಗದದ ಬದಲು ಕಬ್ಬಿಣ ಬಳಸಿದ್ದರಿಂದ ಹೆಚ್ಚಿನ ಒತ್ತಡ ತಡೆಯಿತು, ದೂರ ಹೋಯಿತು ಎಂದು ಎಲ್ಲರೂ ಕಬ್ಬಿಣವನ್ನು ಹೊಗಳುತ್ತಾರೆ. ಹೊಗಳಬೇಕಾದ್ದೇ. ಆದರೆ ಅದು ಹೋದ ದಿಕ್ಕಿಗೆ ಹೋಗುವಂತೆ ಮಾಡಿದ್ದು ಬಿದಿರು. ಹಿಂದೆ ಉದ್ದಕ್ಕೆ ಚಾಚಿಕೊಂಡ ಆ ಗಳುವನ್ನು ಗಾಳಿ ತಳ್ಳುತ್ತಿತ್ತು, ಕೊಳವೆ ಮುಂದಾಗಿ ಉಳಿಯುತ್ತಿತ್ತು.

2018ರಲ್ಲಿ ಶಿವಮೊಗ್ಗ ಜಿಲ್ಲೆಯ ಬಿದನೂರು ನಗರದಲ್ಲಿ ಒಂದು ಹಾಳು ಬಾವಿಯ ಹೂಳೆತ್ತಿದಾಗ ಸಾವಿರಕ್ಕೂ ಹೆಚ್ಚು ಇಂಥ ರಾಕೆಟ್ಟುಗಳು ಸಿಕ್ಕವು. ಸಿಕ್ಕದ್ದು ಕಬ್ಬಿಣದ ಕೊಳವೆಗಳು. ಬಿದಿರು ಎರಡು ಶತಮಾನ ಕೆಸರಿನಲ್ಲಿ ಉಳಿಯುವ ವಸ್ತುವಲ್ಲ. ಏನೂ ತಿಳಿಯದ ಒಬ್ಬ ಆ ಕೊಳವೆಯನ್ನು ಮಾತ್ರ ನೋಡಿ, ಅಳತೆ ತೆಗೆದು, ಅಚ್ಚಿನಂತೆ ಇನ್ನೊಂದು ಮಾಡಿ ಹಾರಿಸಿದರೆ ಏನಾಗಬಹುದು? ನಮ್ಮ ಅಂಗಳದಲ್ಲಿ ಆದದ್ದೇ ಆಗುತ್ತದೆ.

ಮಾಸ್ಟ್ರ ವಿಷಯದಲ್ಲಿ ನಾನು ಮಾಡಿದ್ದು ಇದನ್ನೇ. ಅವರು ತರಗತಿಯಲ್ಲಿ ಬೈದ ಹುಡುಗನನ್ನು ಸಂಜೆ ತಮ್ಮ ಮನೆಯ ಜಗಲಿಗೆ ಕರೆಯುತ್ತಿದ್ದರು. ಬಾಳೆಕಾಯಿ ಪೋಡಿಯನ್ನೋ ಅವಲಕ್ಕಿಯನ್ನೋ ಕೊಟ್ಟು, ಅದೇ ಲೆಕ್ಕವನ್ನು ಮೂರು ಸಲ, ನಾಲ್ಕು ಸಲ ಮಾಡಿಸುತ್ತಿದ್ದರು. ನಾನೂ ಆ ಜಗಲಿಯಲ್ಲಿ ಕೂತವನೇ. ಬೈಗುಳ ಕಬ್ಬಿಣದ ಕೊಳವೆ, ಜಗಲಿಯ ಸಂಜೆಗಳು ಬಿದಿರು. ಅವರು ಬೈದದ್ದು ಎಲ್ಲರೂ ನೋಡುವ ಹಗಲಿನಲ್ಲಿ. ಅವರು ತಿದ್ದಿದ್ದು ಕೆಲವರಷ್ಟೇ ಕಂಡ ಇಳಿಹೊತ್ತಿನಲ್ಲಿ. ನಾನು ಅವರಿಂದ ಎತ್ತಿಕೊಂಡದ್ದು ಉಳಿಯುವಂಥದ್ದು, ಎದ್ದು ಕಾಣುವಂಥದ್ದು. ಆ ಹುಡುಗನಿಗೆ ಬೈದ ಸಂಜೆ ನಾನು ಪುಸ್ತಕ ಮುಚ್ಚಿ ಸಿನಿಮಾಕ್ಕೆ ಹೋಗಿದ್ದೆ.

ದೊಡ್ಡವರನ್ನು ನೋಡಿ ನಡೆಯಬೇಕು ಎಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಆದರೆ ನೋಡಿದರೆ ಸಿಗುವುದು ಆಕಾರ ಮಾತ್ರ. ಒಬ್ಬರ ನಿಷ್ಠುರತೆ ನಮಗೆ ಕಾಣುತ್ತದೆ. ಆ ನಿಷ್ಠುರತೆ ಯಾರನ್ನೂ ಕೊಲ್ಲದಂತೆ ಅವರು ಒಳಗೆ ಇಟ್ಟುಕೊಂಡ ಎಚ್ಚರ ಕಾಣುವುದಿಲ್ಲ. ಒಬ್ಬರ ಮೌನ ಕಾಣುತ್ತದೆ, ಆ ಮೌನದ ಹಿಂದೆ ಅವರು ಯಾರ್ಯಾರ ಮಾತು ಕೇಳಿಸಿಕೊಳ್ಳುತ್ತಿದ್ದರು ಎಂಬುದು ಕಾಣುವುದಿಲ್ಲ. ಆಕಾರವನ್ನು ಅಳತೆ ತಪ್ಪದೆ ತೆಗೆದುಕೊಂಡು ನಾವು ನಿಷ್ಠರಾದೆವು ಎಂದುಕೊಳ್ಳುತ್ತೇವೆ. ಆ ನಿಷ್ಠೆ ಶೋಕೇಸಿಗೆ ಸಾಕು. ಗಾಜಿನ ಹಿಂದೆ ನಿಲ್ಲುವ ರಾಕೆಟ್ಟಿಗೆ ರೆಕ್ಕೆ ಬೇಡ, ಮಣ್ಣು ಬೇಡ. ಅದು ರೂಪಕ್ಕೆ ಮಾತ್ರ ನಿಷ್ಠವಾಗಿದ್ದರೆ ಯಾರಿಗೂ ಕೇಡಿಲ್ಲ. ಕೈಬಿಟ್ಟು ಹಾರಿಸುತ್ತೇವೆ ಎಂದ ಕ್ಷಣ ನಿಷ್ಠೆಯ ಅರ್ಥ ಬದಲಾಗುತ್ತದೆ. ಆಗ ಅದು ಮೂಲಕ್ಕೆ ಎಷ್ಟು ಋಣಿಯೋ, ಕೆಳಗೆ ಅಡಿಕೆ ಹರವುತ್ತಿರುವವರಿಗೆ ಅದಕ್ಕಿಂತ ಹೆಚ್ಚು ಋಣಿ.

ಹಾಗೆಂದು ಮೂಲಕ್ಕೆ ಏನು ಬೇಕಾದರೂ ಸೇರಿಸಬಹುದೇ? ಅಳಿಯನ ಆಕ್ಷೇಪವನ್ನು ಅಷ್ಟು ಸುಲಭಕ್ಕೆ ತಳ್ಳಿಹಾಕಲಾಗದು. ನಮ್ಮ ತಾಲೂಕಿನಲ್ಲೇ ಇದಕ್ಕೆ ಕಲ್ಲಿನಲ್ಲಿ ಒಂದು ಉತ್ತರವಿದೆ. ಹತ್ತನೇ ಶತಮಾನದ ಕೊನೆಯಲ್ಲಿ ಚಾವುಂಡರಾಯ ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ. ಅದನ್ನು ಕಂಡು 1432ರಲ್ಲಿ ಕಾರ್ಕಳದಲ್ಲಿ, 1604ರಲ್ಲಿ ವೇಣೂರಿನಲ್ಲಿ, ನಮ್ಮ ಕಾಲದಲ್ಲಿ ಧರ್ಮಸ್ಥಳದಲ್ಲಿ ಗೊಮ್ಮಟರು ನಿಂತರು. ಯಾವುದೂ ಮೊದಲನೆಯದರಷ್ಟು ಎತ್ತರವಿಲ್ಲ, ಯಾವುದೂ ಅದನ್ನು ಕುಗ್ಗಿಸಿ ತೆಗೆದ ಪಡಿಯಚ್ಚೂ ಅಲ್ಲ. ಆದರೂ ವೇಣೂರಿನದು ಗೊಮ್ಮಟ ಅಲ್ಲ ಎಂದು ಯಾರೂ ಹೇಳುವುದಿಲ್ಲ. ಬೆಳಗೊಳದ ಶಿಲ್ಪಿಯನ್ನೇ ನೋಡಿ. ಸುಮಾರು 58 ಅಡಿಯ ಮೂರ್ತಿ ತೊಡೆಯಿಂದ ಮೇಲಕ್ಕೆ ಯಾವ ಆಧಾರವೂ ಇಲ್ಲದೆ ನಿಂತಿದೆ. ಅದರ ಕೆಳಗೆ ಕಾಲುಗಳ ಬಳಿ ಹುತ್ತ ಬೆಳೆದಿದೆ, ಬಳ್ಳಿ ಹಬ್ಬಿದೆ. ಬಾಹುಬಲಿ ಅಲುಗಾಡದೆ ತಪಸ್ಸು ಮಾಡಿದ ಎಂಬ ಕಥೆಯನ್ನು ಆ ಹುತ್ತ ಹೇಳುತ್ತದೆ. ಅಷ್ಟು ಭಾರ ನಿಲ್ಲಲು ಬೇಕಾದ ಕಲ್ಲೂ ಅಲ್ಲೇ ಇದೆ. ಆಧಾರವನ್ನು ಶಿಲ್ಪಿ ಬಚ್ಚಿಡಲಿಲ್ಲ. ಎಲ್ಲರ ಕಣ್ಣಿಗೂ ಬೀಳುವ ಜಾಗದಲ್ಲಿ ಕಥೆಯ ಭಾಗವಾಗಿ ಇಟ್ಟ.

ಸೇರಿಸಿದ್ದು ಸುಳ್ಳೋ ಅಲ್ಲವೋ ಎಂದು ತೀರ್ಮಾನಿಸಲು ನನಗೆ ಎರಡು ಪ್ರಶ್ನೆ ಸಾಕೆನ್ನಿಸಿತು. ಇದು ಯಾರಿಗಾಗಿ? ಇದನ್ನು ಹೇಳಿಕೊಳ್ಳಬಲ್ಲೆವೇ? ಜಗ್ಗನೆ ಹೊಳೆಯಲಿ ಎಂದು ಇಲ್ಲದ ಚಿನ್ನದ ಬಣ್ಣ ಬಳಿದಿದ್ದರೆ ಅದು ನಮಗಾಗಿ. ಬೀಳುವ ರಾಕೆಟ್ ಯಾರ ತಲೆಗೂ ಬಡಿಯದಿರಲಿ ಎಂದು ಹಾಕಿದ ರೆಕ್ಕೆ ಬೇರೆಯವರಿಗಾಗಿ. ಇನ್ನು ಹೇಳಿಕೊಳ್ಳುವುದು. ಪ್ಲಾಸ್ಟಿಕ್ಕಿನ ರೆಕ್ಕೆಯ ನನ್ನ ಉಪಾಯ ಸೋತದ್ದು ಇಲ್ಲಿಯೇ. ದೊಡ್ಡದಕ್ಕಿರುವ ಗಣಕ ನನ್ನಲ್ಲಿಲ್ಲ, ಅದಕ್ಕೆ ನನಗೆ ರೆಕ್ಕೆ ಬೇಕಾಯಿತು ಎಂದು ಒಪ್ಪಿಕೊಳ್ಳುವುದರಲ್ಲಿ ಅವಮಾನವೇನಿದೆ? ಅಡಗಿಸುವಾಗ ನಾನು ಕಾಪಾಡಲು ಹೊರಟದ್ದು ಪಿಎಸ್‌ಎಲ್‌ವಿಯ ಮರ್ಯಾದೆಯನ್ನಲ್ಲ, ನನ್ನದನ್ನು.

ಬೆಳಿಗ್ಗೆ ಇದನ್ನೆಲ್ಲ ಅವನಿಗೆ ಇಷ್ಟು ಉದ್ದಕ್ಕೆ ಹೇಳಲಿಲ್ಲ. ಗೊಮ್ಮಟನ ಹುತ್ತದ ಕಥೆಯನ್ನೂ ಬಿದಿರಿನ ಕಥೆಯನ್ನೂ ಹೇಳಿದೆ. ಮನೆಪಾಠದ ಹುಡುಗನ ಕಥೆಯನ್ನೂ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಕಾಣುವ ಹಾಗೇ ಹಾಕೋಣ” ಎಂದ.

ರೆಕ್ಕೆಗೆ ಅಡಿಕೆ ಹಾಳೆ ತೆಗೆದುಕೊಂಡೆವು. ಚೆನ್ನಾಗಿ ಒಣಗಿದ ಹಾಳೆ ಹಗುರ, ಗಟ್ಟಿ, ನೀರಿಗೆ ಕೂಡಲೇ ಮೆತ್ತಗಾಗುವುದಿಲ್ಲ. ಮೊದಲು ಅವನು ದೊಡ್ಡ ದೊಡ್ಡ ರೆಕ್ಕೆ ಕತ್ತರಿಸಿದ. ಅದೂ ಸರಿಯಲ್ಲ. ರೆಕ್ಕೆ ಅತಿಯಾದರೆ ರಾಕೆಟ್ ಅತಿ ಸ್ಥಿರವಾಗುತ್ತದೆ. ಸಣ್ಣ ಗಾಳಿ ಬಂದರೂ ಬಾಲ ಒಲೆದು ಮೂತಿ ಗಾಳಿಯ ಕಡೆಗೇ ತಿರುಗುತ್ತದೆ, ಮೇಲಕ್ಕೆ ಹೋಗುವ ಬದಲು ಗಾಳಿಯೊಡನೆ ಜಗಳಕ್ಕೆ ಹೊರಡುತ್ತದೆ. ಎಲ್ಲ ಮಾತಿಗೂ ತತ್ವ ತೆಗೆದು ಎದುರು ನಿಲ್ಲುವವರನ್ನು ನಾವು ಕಂಡಿದ್ದೇವಲ್ಲ, ಹಾಗೆ. ಸ್ಥಿರತೆ ಎಂದರೆ ಗಾಳಿಯೇ ತಾಗದಂತೆ ಇರುವುದಲ್ಲ, ಗಾಳಿಯನ್ನು ಎದುರಿಸಿ ಗೆಲ್ಲುವುದೂ ಅಲ್ಲ. ಓರೆ ಮಾಡಿದ ಗಾಳಿಯೇ ತಿದ್ದುವ ಹಾಗೆ ನಮ್ಮ ಭಾರವನ್ನು ಮೊದಲೇ ಸರಿಯಾದ ಜಾಗದಲ್ಲಿ ಇಟ್ಟುಕೊಳ್ಳುವುದು. ಹಾರಿದ ಮೇಲೆ ಇಡಲಾಗದು.

ರೆಕ್ಕೆಗಳನ್ನು ಕಿರಿದು ಮಾಡಿದೆವು. ತೋಟದ ಅಂಚಿನ ಹುತ್ತದಿಂದ ಮಣ್ಣು ತಂದು, ನೀರು ಹಾಕಿ ನಾದಿ, ಅರವತ್ತು ಗ್ರಾಂ ತೂಗಿ, ಮೂತಿಯೊಳಗೆ ಮೆತ್ತಿದೆವು. “ಹಾಳೆಯಲ್ಲಿ ಮುಟ್ಟಾಳೆ ಮಾಡುವುದು ಬಿಟ್ಟು ಇದೆಂಥದ್ದು ಮಕ್ಕಳೇ” ಎಂದು ಅಮ್ಮ ಗೊಣಗಿದರೂ ಅಂಟು ಒಣಗುವವರೆಗೆ ರೆಕ್ಕೆಯನ್ನು ಹಿಡಿದುಕೊಂಡವರು ಅವರೇ. ಈಗ ರಾಕೆಟ್ ಬೆರಳ ಮೇಲೆ ನಿಂತದ್ದು 46 ಸೆಂಟಿಮೀಟರಿನಲ್ಲಿ, ರಟ್ಟು ನಿಂತದ್ದು 58ರಲ್ಲಿ. ಹಗ್ಗ ಕಟ್ಟಿ ಬೀಸಿದಾಗ ಮೂತಿ ಮುಂದಾಗಿಯೇ ಓಡಿತು. ಒಂದು ತೊಂದರೆ ಉಳಿದಿತ್ತು. ನೀರು ತುಂಬಿದಾಗ ತೂಕ ಮತ್ತೆ ಬುಡಕ್ಕೆ ಬರುತ್ತದೆ. ನೀರು ಖಾಲಿಯಾಗುವ ಆ ಕ್ಷಣ ಮಾತ್ರ ಅದು ತನ್ನಷ್ಟಕ್ಕೆ ನೇರ ಇರಲಾರದು. ಅದಕ್ಕೆ ನೆಲದಲ್ಲಿ ಒಂದು ಕಬ್ಬಿಣದ ಸರಳು ನೆಟ್ಟು, ಅದರ ಗುಂಟ ಜಾರಿ ಏಳುವಂತೆ ಮಾಡಿದೆವು. ಹೊರಡುವಾಗ ಎಲ್ಲರಿಗೂ ತುಸು ದೂರ ಯಾರದ್ದಾದರೂ ಆಸರೆ ಬೇಕಾಗುತ್ತದೆ.

ಈ ಸಲ ಗದ್ದೆಯ ಆಚೆ ತುದಿಗೆ ಹೋದೆವು. ಅಮ್ಮನನ್ನು ಒಳಗೆ ಕೂರಿಸಿದೆವು. ಬಿರಡೆ ಕಳಚಿತು, ನೀರು ಚಿಮ್ಮಿತು. ರಾಕೆಟ್ ನೆಟ್ಟಗೆ ಏರಿತು, ತೆಂಗಿನ ಮರದ ತಲೆ ದಾಟಿತು, ಒಂದು ಕ್ಷಣ ನಿಂತ ಹಾಗೆ ಕಂಡಿತು, ಮೂತಿ ಬಾಗಿಸಿ ಗದ್ದೆಯ ನಡುವಿಗೆ ಬಿತ್ತು. ಅಳಿಯ ಓಡಿದ. ನಾನು ಓಡಲಿಲ್ಲ. ಆ ಹುಡುಗ ಈಗ ಎಲ್ಲಿದ್ದಾನೆ ಎಂದು ಕೇಳಿ ತಿಳಿಯಬೇಕು, ಇಷ್ಟು ವರ್ಷ ಕೇಳಲಿಲ್ಲವಲ್ಲ ಎಂದು ಯೋಚಿಸುತ್ತಿದ್ದೆ.

ಪ್ರದರ್ಶನದ ಹಿಂದಿನ ರಾತ್ರಿ ಅವನು ಚೀಟಿ ಬರೆದ. ಮೇಲೆ ದಪ್ಪ ಅಕ್ಷರದಲ್ಲಿ ಪಿಎಸ್‌ಎಲ್‌ವಿ, ಅಳತೆ 1:43. ಅದರ ಕೆಳಗೆ ಅಷ್ಟೇ ದಪ್ಪ ಅಕ್ಷರದಲ್ಲಿ ಹೀಗಿತ್ತು: “ಮೂಲದಲ್ಲಿ ಇಲ್ಲದ್ದು, ನಾವು ಸೇರಿಸಿದ್ದು: ಅಡಿಕೆ ಹಾಳೆಯ ನಾಲ್ಕು ರೆಕ್ಕೆ. ತಲೆಯಲ್ಲಿ 60 ಗ್ರಾಂ ಮಣ್ಣು.”